ಯಾವ ಅಣ್ಣ

ಅಥವಾ ಆ ದುಪಟ್ಟಾ ಹಸಿರು ಇರಲಿಲ್ಲವೇನೋ. ಹಸಿರು ಎಂದು ಬರೆದ ಕೂಡಲೇ ಉಳಿದದ್ದೆಲ್ಲ ತಂತಾನೇ ಹೊಂದಿಕೊಂಡುಬಿಡುತ್ತದೆ: ಠಾಣೆ ಸ್ಟೇಶನ್ನು, ನವಿ ಮುಂಬಯಿ ಕಡೆಯ ಗಾಡಿಗಳು ಬಂದು ನಿಲ್ಲುವ ಕೊನೆಯ ಪ್ಲಾಟ್‌ಫಾರ್ಮು, ಮೆಟ್ಟಿಲ ಬುಡದಲ್ಲಿ ಹಸಿರು ದುಪಟ್ಟಾ ಹೊದ್ದು ನಿಂತ ನನ್ನ ತಂಗಿ, ಅವಳ ಎದುರಿಗೆ ಕಾಗದದಲ್ಲಿ ಸುತ್ತಿದ ವಡಾಪಾವ್ ಹಿಡಿದುಕೊಂಡ ನಾನು. ಇಷ್ಟು ಸುಲಭವಾಗಿ ಹೊಂದಿಕೊಳ್ಳುವ ನೆನಪನ್ನು ನಾನು ನಂಬುವುದಿಲ್ಲ. ಅದರಲ್ಲಿ ನನ್ನ ಮುಖವೂ ನನಗೆ ಕಾಣಿಸುತ್ತದೆ. ನಾನು ಅಲ್ಲಿ ಇದ್ದದ್ದೇ ನಿಜವಾದರೆ ನನ್ನ ಮುಖ ನನಗೆ ಕಾಣುವುದು ಹೇಗೆ?

ತಂಗಿ ಹೋದ ವರ್ಷ ಪೂರ್ವ ಯುರೋಪಿನ ಒಂದು ಊರಿಗೆ ಹೋದಳು. ಓದಲಿಕ್ಕಲ್ಲ, ನೌಕರಿಗೂ ಅಲ್ಲ. ಅಲ್ಲಿಯ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರ ನಡುವೆ ಇದ್ದು ಕ್ರಿಸ್ತನ ವಿಷಯ ಹೇಳಲಿಕ್ಕೆ. ನಮ್ಮ ಸಭೆಯ, ಅಂದರೆ ಚರ್ಚಿನವರ, ಮಾತಿನಲ್ಲಿ ಅದಕ್ಕೆ ಸೇವೆ ಅನ್ನುತ್ತಾರೆ. ನಾವು ಧಾರವಾಡ ಕಡೆಯ ಕ್ರೈಸ್ತರು. ಅಪ್ಪ ಕಲ್ಯಾಣದ ಒಂದು ಕಾರ್ಖಾನೆಗೆ ಬಂದು, ಡೊಂಬಿವಲಿಯಲ್ಲಿ ಮನೆ ಮಾಡಿ, ಅಲ್ಲೇ ತೀರಿಕೊಂಡರು. ಅವ್ವ ಈಗಲೂ ಆ ಮನೆಯಲ್ಲಿದ್ದಾಳೆ. ನಾನು ಠಾಣೆಯ ಘೋಡಬಂದರ್ ರಸ್ತೆಯ ಒಂದು ಕಟ್ಟಡದಲ್ಲಿ ಎಷ್ಟನೇ ಮಹಡಿ ಎಂದು ಹೇಳಿಕೊಳ್ಳಲು ನಾಚುವಷ್ಟು ಮೇಲೆ ಇದ್ದೇನೆ. ಆರಾಧನೆಗೆ ಹೋಗುವುದು ಅವ್ವನಿಗಾಗಿ. ನಂಬಿಕೆ ಇದೆಯೋ ಇಲ್ಲವೋ ಎಂದು ಯಾರೂ ಕೇಳಿಲ್ಲವಾದ್ದರಿಂದ ನಾನೂ ಹೇಳಿಲ್ಲ.

ಅವ್ವನ ಬಿಲ್ಡಿಂಗಿನವರು ಮಗಳು ಫಾರಿನ್ನಿಗೆ ಯಾಕೆ ಹೋಗುತ್ತಾಳೆ ಎಂದು ಕೇಳಿದಾಗ ಅವ್ವ 'ಸರ್ವಿಸ್' ಅಂದಳು. ಈ ಕಡೆ ಸರ್ವಿಸ್ ಅಂದರೆ ಸಂಬಳದ ಕೆಲಸ. ಎಲ್ಲರೂ ತಲೆಯಾಡಿಸಿದರು. ನಮ್ಮಲ್ಲಿ ಭಾನುವಾರದ ಆರಾಧನೆಗೂ ಸರ್ವಿಸ್ ಅಂತಲೇ ಹೇಳುವುದರಿಂದ ಅವ್ವನ ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಅಂಥ ಒಂದು ಶಬ್ದದ ಹಿಂದೆ ಅವಳು ಅಡಗಿಕೊಳ್ಳಬೇಕಾಯಿತು ಎಂಬುದನ್ನು ನಾನು ಗಮನಿಸಿದೆ. ಈಚೆಗೆ ಬಿಲ್ಡಿಂಗಿನ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರ ಮನೆಯಲ್ಲಿ ಪ್ರಾರ್ಥನೆ, ಯಾರು ಯಾರನ್ನು ಕರೆದರು ಎಂಬ ಮಾತು ಬರುತ್ತಿರುತ್ತದೆ. ಬರೆಯುವವರೆಲ್ಲ ನಮಗೆ ಮೆಟ್ಟಿಲಲ್ಲಿ ನಗುತ್ತ ಸಿಗುವವರೇ.

ನನಗೂ ಸಂಶಯವಿತ್ತು, ಬೇರೆ ತರಹದ್ದು. ಆ ಊರಿನಲ್ಲಿ ಡಾಕ್ಟರಿಕೆ ಓದಲು ಹೋದ ನಮ್ಮ ಕಡೆಯ ಹುಡುಗರು ಬಹಳ ಮಂದಿ ಇದ್ದಾರಂತೆ. ಚಳಿ, ಗೊತ್ತಿಲ್ಲದ ಭಾಷೆ, ಮನೆಯ ನೆನಪು. ವಾರಕ್ಕೊಮ್ಮೆ ಅವರನ್ನು ಕರೆದು ಚಪಾತಿ, ಬಟಾಟೆ ಪಲ್ಯ ಮಾಡಿ ಹಾಕುವುದು ತಂಗಿಯ ಕೆಲಸದ ಮೊದಲ ಭಾಗ. ಎರಡನೆಯ ಭಾಗ ಏನೆಂದು ನಮಗೆ ಗೊತ್ತೇ ಇದೆ. ಹಸಿದು ಒಂಟಿಯಾದವನ ಮುಂದೆ ತಟ್ಟೆ ಇಟ್ಟು ಆಮೇಲೆ ಮಾತು ತೆಗೆಯುವುದು ನನಗೆ ಸರಿ ಕಾಣಲಿಲ್ಲ. ಅವ್ವನೂ ಬೇಡ ಅನ್ನುತ್ತಿದ್ದಳು, ಆದರೆ ಅವಳ ಕಾರಣ ಯುದ್ಧ ಮತ್ತು ಚಳಿ.

ಆಮೇಲೆ ಆ ಭಾನುವಾರ ಬಂತು. ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಭೆ ಸೇರುವುದು ಒಂದು ಶಾಲೆಯ ಹಾಲಿನಲ್ಲಿ. ಸೇವೆಗೆ ಹೊರಟವರು ಹೊರಡುವ ಮೊದಲು ಎಲ್ಲರ ಮುಂದೆ ಸಾಕ್ಷಿ ಹೇಳಬೇಕು. ಕೋರ್ಟಿನ ಸಾಕ್ಷಿಯಲ್ಲ. ದೇವರು ನನ್ನ ಬದುಕಿನಲ್ಲಿ ಹೀಗೆ ಬಂದ ಎಂದು ತಾನೇ ನಿಂತು ಹೇಳುವುದು. ಅಡ್ಡಪ್ರಶ್ನೆ ಯಾರೂ ಕೇಳುವುದಿಲ್ಲ. ತಂಗಿ ಎದ್ದು ನಿಂತು, ಕಾಲೇಜಿನ ಎರಡನೇ ವರ್ಷದ ಒಂದು ಸಂಜೆಯ ಮಾತು ಹೇಳಿದಳು. ಆಗ ನಾನೂ ಡೊಂಬಿವಲಿಯ ಮನೆಯಲ್ಲೇ ಇದ್ದೆ. ಅವಳು ನವಿ ಮುಂಬಯಿಯ ನೆರೂಳಿನ ಕಾಲೇಜಿಗೆ ಹೋಗುತ್ತಿದ್ದಳು, ನಾನು ಘಣಸೋಲಿಯ ಆಫೀಸಿಗೆ. ಇಬ್ಬರೂ ಠಾಣೆಯಲ್ಲಿ ಗಾಡಿ ಬದಲಿಸಬೇಕಾಗಿತ್ತು.

"ಆವತ್ತ ಠಾಣೆ ಸ್ಟೇಶನ್ನಾಗ ನಿಂತಿದ್ದೆ," ಅಂದಳು. "ಮನೀಗೆ ಹೋಗಬಾರದು ಅಂತ ನಿರ್ಧಾರ ಮಾಡಿದ್ದೆ. ಅಣ್ಣ ಬಂದ. ಊಟ ಆತೇನು ಅಂತ ಕೇಳಿದ. ಅಷ್ಟ. ಬ್ಯಾರೆ ಏನೂ ಕೇಳಲಿಲ್ಲ. ಅಲ್ಲಿ ಆ ಹುಡುಗರನ್ನ ಹಂಗ ಕೇಳವರು ಯಾರೂ ಇಲ್ಲ. ಅದಕ್ಕ ಹೊಂಟೇನಿ."

ಹಾಲಿನಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿದರು. ಆರಾಧನೆ ಮುಗಿದ ಮೇಲೆ ಗಂಡಸರು ನನ್ನ ಕೈ ಕುಲುಕಿದರು. ನಾನು ಸುಮ್ಮನೆ ನಕ್ಕೆ. ಅಂಥದ್ದೇನೂ ನನಗೆ ನೆನಪಿರಲಿಲ್ಲ. ಮನೆಗೆ ನಡೆಯುವಾಗ ಅವ್ವ, ನಾನು ದೊಡ್ಡವನಾದ ಮೇಲೆ ಎಂದೂ ಹಿಡಿಯದವಳು, ನನ್ನ ಕೈ ಹಿಡಿದುಕೊಂಡಿದ್ದಳು. "ನೀ ಕರಕೊಂಡ ಬಂದಿ," ಅಂದಳು. "ಕಳಸೂದೂ ನೀನ ಹೇಳು. ನೀ ಹೂಂ ಅಂದ್ರ ನಾನೂ ಹೂಂ."

ಹೀಗೆ ತಂಗಿ ಹೋಗುವುದೂ ಬಿಡುವುದೂ ನನ್ನ ಒಂದು ಮಾತಿಗೆ ಬಂದು ನಿಂತಿತು. ಆ ಅಧಿಕಾರ ನನಗೆ ಬಂದದ್ದು, ನಾನು ಮಾಡಿದ್ದೇನೋ ಇಲ್ಲವೋ ಗೊತ್ತಿಲ್ಲದ ಒಂದು ಉಪಕಾರದಿಂದ.

ಅವಳನ್ನೇ ಕೇಳಿದರೆ ಮುಗಿಯುತ್ತಿತ್ತು. ಕೇಳಿದೆ ಕೂಡ. ಏನೋ ಕೊಳ್ಳಲು ಇಬ್ಬರೂ ಠಾಣೆಗೆ ಹೊರಟಿದ್ದೆವು. ಗಾಡಿಯ ಬಾಗಿಲ ಬಳಿ ಒತ್ತಿಕೊಂಡು ನಿಂತಾಗ, ಆವತ್ತು ನಡೆದದ್ದೇನು ಎಂದೆ. ಅವಳು ನನ್ನ ಮುಖ ನೋಡಿದಳು.

"ಯಾಕ, ನಿನಗ ನೆನಪಿಲ್ಲೇನು?"

ನಾನು ಐತಿ ಅಂದೆ. ಅವಳು ಸಮಾಧಾನದಿಂದ ಹೊರಗೆ ನೋಡತೊಡಗಿದಳು. ಐತಿ ಅಂದ ಮೇಲೆ ಮತ್ತೆ ಕೇಳುವ ದಾರಿ ಇರಲಿಲ್ಲ. ಅಂದಿನಿಂದಲೇ ಇರಬೇಕು, ಹಸಿರು ದುಪಟ್ಟಾ ಮತ್ತು ವಡಾಪಾವ್ ನನ್ನ ತಲೆಯಲ್ಲಿ ಕಾಣಿಸಿಕೊಂಡದ್ದು. ಮೊದಲು ಉತ್ತರ ಕೊಟ್ಟೆ, ಆಮೇಲೆ ನೆನಪು ಬಂತು. ಇದು ನನ್ನ ಅನುಮಾನ.

ಅವ್ವನ ಎದುರು ಮನೆಯಲ್ಲಿ ಉಡುಪಿ ಕಡೆಯ ಆಂಟಿ ಇದ್ದಾರೆ. ಅವರ ಗಂಡ ಠಾಣೆ ಸ್ಟೇಶನ್ನಿನ ಹೊರಗೆ ಸಣ್ಣದೊಂದು ಹೋಟೆಲು ನಡೆಸುತ್ತಿದ್ದರು. ಈಗ ಅವರೂ ಇಲ್ಲ, ಹೋಟೆಲೂ ಇಲ್ಲ. ನನ್ನ ನೆನಪಿನ ದುಪಟ್ಟಾವನ್ನು ಮೊದಲು ಸುಳ್ಳಾಗಿಸಿದವರು ಈ ಆಂಟಿಯೇ. ಆ ಹಸಿರು ದುಪಟ್ಟಾ ತಾವೇ ಊರಿಂದ ತಂದುಕೊಟ್ಟದ್ದೆಂದೂ, ಆಗ ಅವಳ ಕಾಲೇಜು ಮುಗಿದಿತ್ತೆಂದೂ ಹೇಳಿದರು. ನಾನು ಯಾಕೆ ಕೇಳುತ್ತಿದ್ದೇನೆಂದು ಅವರಿಗೆ ಕೂಡಲೇ ಗೊತ್ತಾಯಿತು. ಸಾಕ್ಷಿಯ ಸುದ್ದಿ ಅವ್ವ ಆಗಲೇ ಹೇಳಿದ್ದಳು.

"ಅಣ್ಣ ಅಂದ್ರೆ ನೀನೇ ಅಂತ ಯಾಕೆ ತಿಳ್ಕೊಂಡದ್ದು ಮಾರಾಯ?" ಅಂದರು. "ಠಾಣೆಯಲ್ಲಿ ನಿಂತು ಅಣ್ಣಾ ಅಂತ ಒಮ್ಮೆ ಕೂಗಿ ನೋಡು. ಇಡ್ಲಿ ಮಾರುವವರೆಲ್ಲ ತಿರುಗ್ತಾರೆ."

ಇಬ್ಬರೂ ನಕ್ಕೆವು. ನಿಜ. ಈ ಕಡೆ ದಕ್ಷಿಣದ ಹೋಟೆಲಿನವನು ಯಾರೇ ಆಗಲಿ, ಹಿಂದಿಯವರಿಗೂ ಮರಾಠಿಯವರಿಗೂ ಅವನು ಅಣ್ಣ. ಹಾಗೆ ಕರೆಸಿಕೊಂಡು ನಾನೇ ಆಫೀಸಿನಲ್ಲಿ ಎಷ್ಟೋ ಸಲ ಸಿಟ್ಟಾಗಿದ್ದೇನೆ. ಆದರೆ ಅಣ್ಣ ಎಂಬ ಶಬ್ದಕ್ಕೆ ನನ್ನೊಬ್ಬನದೇ ಅರ್ಥ ಎಂದು ಆ ಹಾಲಿನಲ್ಲಿ ನಾನೂ, ಅಲ್ಲಿದ್ದ ಕನ್ನಡದವರೆಲ್ಲರೂ ತಿಳಿದುಕೊಂಡಿದ್ದೆವು.

ನಗು ನಿಂತ ಮೇಲೆ ಆಂಟಿ ದನಿ ತಗ್ಗಿಸಿದರು. "ನಮ್ಮ ಇವರನ್ನೂ ಕಾಲೇಜಿನ ಮಕ್ಕಳು ಅಣ್ಣ ಅಂತಲೇ ಕರೀತಿದ್ದದ್ದು. ಮನೆಯಲ್ಲಿ ಮಾಮ ಅಂತಿದ್ದ ನಿನ್ನ ತಂಗಿ, ಫ್ರೆಂಡ್ಸ್ ಜೊತೆ ಹೋದ್ರೆ ಅವಳೂ ಅಣ್ಣಾ. ಒಂದು ದಿನ ಇವರು ಬಂದು ಹೇಳಿದ್ರು, ಎದುರು ಮನೆ ಮಗು ಅಲ್ಲಿ ಮುಖ ಸಣ್ಣ ಮಾಡಿ ನಿಂತಿತ್ತು, ಕರೆದು ಊಟ ಹಾಕಿದೆ ಅಂತ. ಯಾವ ವರ್ಷ ಅಂತ ಕೇಳ್ಬೇಡ. ಇವರೇ ಇರ್ಬಹುದು ಅಲ್ವಾ?"

ಅವರು ಆ ಪ್ರಶ್ನೆ ಕೇಳಿದ ರೀತಿಗೆ ಹೌದು ಅನ್ನಬೇಕಿತ್ತು. ನಾನು ಅನ್ನಲಿಲ್ಲ. ತಂಗಿ ಹೇಳಿದ್ದು ಸ್ಟೇಶನ್ನಾಗ ಎಂದು, ಹೋಟೆಲು ಹೊರಗೆ ಎಂದು ನನ್ನೊಳಗೆ ವಾದ ಹೂಡಿದೆ. ಆ ವಾದವೂ ನಿಲ್ಲುವುದಿಲ್ಲ. ನಮ್ಮ ಮಾತಿನಲ್ಲಿ ಸ್ಟೇಶನ್ ಅಂದರೆ ರಿಕ್ಷಾ ಸಾಲು, ಹೂವಿನವರು, ಹೋಟೆಲು, ಮಾರ್ಕೆಟ್ಟು ಎಲ್ಲ ಸೇರಿಯೇ. 'ಊಟ ಆತೇನು' ಎಂಬುದು ನಮ್ಮ ಮನೆಯ ಮಾತು, ಉಡುಪಿಯವರು ಹಾಗೆ ಕೇಳುವುದಿಲ್ಲ ಎಂದೂ ಅಂದುಕೊಂಡೆ. ಆದರೆ ತಂಗಿ ಯಾರ ಮಾತು ಹೇಳಿದರೂ ಅದು ಅವಳ ಬಾಯಲ್ಲಿ ಧಾರವಾಡದ್ದೇ ಆಗುತ್ತದೆ. ಆ ಹೋಟೆಲಿನ ಗಲ್ಲಾದ ಮೇಲೆ ಕೃಷ್ಣನ ಪಟ ಇತ್ತು, ದಿನಾ ಅದಕ್ಕೆ ಹೊಸ ಮಾಲೆ. ಆ ಪಟದ ಕೆಳಗಿಂದ ಎದ್ದುಬಂದವರು ಕೇಳಿದ ಒಂದು ಮಾತಿಗೆ ನನ್ನ ತಂಗಿ ಯೇಸುವಿನ ಹೆಸರು ಹಿಡಿದು ಯುರೋಪಿಗೆ ಹೊರಟಿದ್ದರೆ? ಸಭೆಯವರಿಗೆ ಇದನ್ನು ಹೇಳುವುದು ಹೇಗೆ, ಸೊಸೈಟಿಯವರಿಗೆ ಹೇಗೆ?

ಇನ್ನೊಬ್ಬ ಅಣ್ಣನೂ ಇದ್ದ. ನಿಜ ಹೇಳಬೇಕೆಂದರೆ ನನಗೆ ಮೊದಲಿನಿಂದ ಗುಮಾನಿ ಇದ್ದದ್ದು ಅವನ ಮೇಲೇ. ನೆರೂಳಿನ ಆಚೆಯ ಸೀವುಡ್ಸಿನಲ್ಲಿ ಬೆಂಗಳೂರಿನವರೊಬ್ಬರು, ಫೈನಾನ್ಸ್ ಕಂಪನಿಯಲ್ಲಿರುವವರು, ಶನಿವಾರ ಸಂಜೆ ಮನೆಯಲ್ಲಿ ವಿದ್ಯಾರ್ಥಿಗಳನ್ನು ಸೇರಿಸುತ್ತಾರೆ. ತಂಗಿ ಕಾಲೇಜಿನ ದಿನಗಳಿಂದ ಅಲ್ಲಿಗೆ ಹೋಗುತ್ತಿದ್ದಳು. ಅಲ್ಲಿ ಬರುವವರಿಗೆಲ್ಲ ಅವರು ಅಣ್ಣ. ಅವಳನ್ನು ಹೊರದೇಶಕ್ಕೆ ಕಳಿಸುವ ಏರ್ಪಾಡು ಮಾಡಿದವರೂ ಅವರೇ. ಒಂಟಿಯಾಗಿ ನಿಂತ ಹುಡುಗಿಯನ್ನು ಸ್ಟೇಶನ್ನಿನಲ್ಲಿ ಗುರುತು ಹಿಡಿದು ಊಟ ಕೇಳುವುದು ಅಂಥವರು ಕಲಿತ ಕೆಲಸವೇ ಇರಬೇಕು ಅನ್ನಿಸಿತ್ತು. ಸೀವುಡ್ಸ್ ಸ್ಟೇಶನ್ನಿನ ಮೇಲಿನ ಮಾಲಿನಲ್ಲಿ ಭೇಟಿಯಾದೆವು. ನುಣುಪು ಮಾತಿನ ಮನುಷ್ಯನನ್ನು ಎದುರು ನೋಡುತ್ತ ಹೋದ ನನಗೆ, ಮಾತಿಗೆ ತಡವರಿಸುವ, ಚಹಾ ಆರಿಸಿ ಆರಿಸಿ ಕುಡಿಯುವ ಒಬ್ಬರು ಸಿಕ್ಕಿದರು. ಅದೂ ಅನುಮಾನಕ್ಕೇ ಕಾರಣವಾಯಿತು.

ಚಪಾತಿಗೆ ಕರೆಯುವಾಗಲೇ ಆಮೇಲೆ ಪ್ರಾರ್ಥನೆ ಇದೆಯೆಂದು ಆ ಹುಡುಗರಿಗೆ ಹೇಳುತ್ತೀರೋ ಇಲ್ಲವೋ ಎಂದು ನೇರವಾಗಿಯೇ ಕೇಳಿದೆ.

"ಹೇಳ್ತೀವಿ," ಅಂದರು. "ಕೆಲವ್ರು ಊಟ ಮುಗ್ಸಿ ಎದ್ದು ಹೋಗ್ತಾರೆ. ಮುಂದಿನ್ ವಾರ ಮತ್ತೆ ಊಟಕ್ಕೆ ಬರ್ತಾರೆ. ಬರ್ಲಿ ಬಿಡಿ."

ಸುಳ್ಳು ಹೇಳುವವನಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದ. ನಾನು ಮುಂದಿನ ಪ್ರಶ್ನೆಗೆ, ಅಂದರೆ ಠಾಣೆಯ ಪ್ರಶ್ನೆಗೆ, ದಾರಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ಶುರು ಮಾಡಿದರು.

"ಒಂದ್ ಮಾತು ಕೇಳ್ಲಾ? ಠಾಣೆ ಸ್ಟೇಷನ್ನಲ್ಲಿ ಬಂದ ಅಣ್ಣ ನೀವೇ ಅಲ್ವಾ? ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತಿತ್ತು."

ಅವರ ಕಣ್ಣುಗಳನ್ನು ನೋಡಿದೆ. ತಾವು ಮಾಡಿದ್ದನ್ನು ನನ್ನ ಹೆಸರಿಗೆ ಬರೆದು ನನ್ನಿಂದ ಹೂಂ ಅನ್ನಿಸುವ ಜಾಣತನ ಅಲ್ಲಿ ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಸಿಗದಿದ್ದರೆ ಇಲ್ಲ ಎಂದು ಅರ್ಥವಲ್ಲ. ನಾನು ಹಾಂ ಎಂದೋ ಹೂಂ ಎಂದೋ ಏನೋ ಗೊಣಗಿ ಎದ್ದೆ.

ಠಾಣೆಗೆ ವಾಪಸು ಬರುವ ಗಾಡಿಯಲ್ಲಿ, ಘಣಸೋಲಿ ದಾಟುವಾಗ, ಇದನ್ನೆಲ್ಲ ಯಾಕೆ ಹುಡುಕುತ್ತಿದ್ದೇನೆ ಎಂಬುದು ಗೊತ್ತಾಯಿತು. ಚಪಾತಿಯ ಬಗ್ಗೆ ನನಗಿದ್ದ ಆಕ್ಷೇಪದ ನೆವ ಮುಗಿದಿತ್ತು. ಆ ಅಣ್ಣ ಬೇರೆ ಯಾರಾದರೂ ಆಗಿದ್ದರೆ, ಮನೆಗೆ ಬರಬಾರದೆಂದು ತಂಗಿ ನಿರ್ಧರಿಸಿದ್ದ ಸಂಜೆ ನಾನು ಅದೇ ಜನರ ನಡುವೆ ಅವಳನ್ನು ದಾಟಿಕೊಂಡು ಮನೆಗೆ ಹೋಗಿ ಚಹಾ ಕುಡಿದಿರಬಹುದು. ನಾನೇ ಆಗಿದ್ದರೆ, ಅವಳ ಎದುರು ನಿಂತೂ ನನಗೆ ಏನೂ ಕಂಡಿರಲಿಲ್ಲ.

ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ಹೋಗಲಿ ಅಂದೆ. ನಿಜವಾಗಿಯೂ ಎಂದು ಅವಳು ಕೇಳಲಿಲ್ಲ. ಬೇಡ ಅನ್ನಬೇಕಾಗಿದ್ದರೆ ಆ ಅಣ್ಣ ನಾನಲ್ಲ ಎಂದೂ ಹೇಳಬೇಕಾಗುತ್ತಿತ್ತು. ಅದಕ್ಕೇ ಹೂಂ ಅಂದೆನೋ, ತಟ್ಟೆಯಿಂದ ಎದ್ದುಹೋಗುವ ಹುಡುಗರ ಮಾತು ನನ್ನನ್ನು ಒಪ್ಪಿಸಿತೋ, ಈಗ ಬೇರ್ಪಡಿಸಿ ಹೇಳಲಾರೆ.

ತಂಗಿ ಹೋದಳು. ಏರ್‌ಪೋರ್ಟಿಗೆ ಎದುರು ಮನೆಯ ಆಂಟಿಯೂ ಬಂದು ಉಪ್ಪಿನಕಾಯಿಯ ಬಾಟಲಿ ಕೊಟ್ಟರು. ಅದನ್ನು ಬ್ಯಾಗಿಗೆ ತುರುಕುವಾಗ ತಂಗಿ ಅವರನ್ನು ತಬ್ಬಿಕೊಂಡು ಅತ್ತಳು. ನನ್ನನ್ನು ತಬ್ಬಿದಾಗ ಅಳಲಿಲ್ಲ. ಇದನ್ನು ಪುರಾವೆ ಎಂದು ಹಿಡಿದಿಟ್ಟುಕೊಂಡಿದ್ದೆ. ಆಮೇಲೆ ಅವ್ವ, "ಆಕಿ ಅತ್ತದ್ದು ನಿನ್ನ ಹೆಗಲ ಮ್ಯಾಲೆ," ಅಂದಳು.

ಕೆಲವು ವಾರಗಳ ಹಿಂದೆ ವಿಡಿಯೊ ಕಾಲ್ ಮಾಡಿದಳು. ಫೋನನ್ನು ಯಾವುದೋ ಡಬ್ಬಿಗೆ ಒರಗಿಸಿ ಚಪಾತಿ ಲಟ್ಟಿಸುತ್ತಿದ್ದಳು. ಹಿಂದೆ ಮೇಜಿನ ಸುತ್ತ ಜಾಕೆಟ್ ಹಾಕಿಕೊಂಡೇ ಕೂತ ಹುಡುಗರು, ಮರಾಠಿಯಲ್ಲಿ ಒಬ್ಬರನ್ನೊಬ್ಬರು ಕಾಡುತ್ತಿದ್ದರು. ಅವರಲ್ಲೊಬ್ಬ ಕಲ್ಯಾಣದವನಂತೆ. ಚಹರೆ ನೋಡಿದರೆ ಪ್ರಾರ್ಥನೆಗೆ ಕೂರುವವನಲ್ಲ, ಎರಡನೇ ಸಲ ಬಡಿಸಿಕೊಳ್ಳುವವನು. ಅವಳ ಮುಖ ತುಂಬಿಕೊಂಡಿತ್ತು. ಬೆಳಕಿನಿಂದಲೂ ಇರಬಹುದು. ಆಗ, ಅಷ್ಟು ದೂರದಿಂದ ಕೇಳುವುದು ಸುಲಭ ಅನ್ನಿಸಿ, ಕೇಳಿಬಿಟ್ಟೆ.

"ಆವತ್ತ ಠಾಣೇದಾಗ ಬಂದಾಂವ ಯಾವ ಅಣ್ಣ?"

ಅವಳ ಕೈ ನಿಂತಿತು. ನಕ್ಕಂತೆ ಕಂಡಿತು. "ನೀ ಅಲ್ಲ," ಅಂದಳು. ಅಥವಾ "ನೀ ಅಲ್ಲಾ?" ಅಂದಳು. ಅಷ್ಟರಲ್ಲಿ ನೆಟ್ ಸಿಕ್ಕಿಕೊಂಡು ಚಿತ್ರ ಕಲ್ಲಾಯಿತು, ಕೊನೆಯ ಸ್ವರ ಅರ್ಧಕ್ಕೆ ನಿಂತಿತು. ಚಿತ್ರ ಮತ್ತೆ ಚಲಿಸಿದಾಗ ಅವಳು ಹಿಂದೆ ತಿರುಗಿ ಕಲ್ಯಾಣದ ಹುಡುಗನಿಗೆ ಮರಾಠಿಯಲ್ಲಿ ಇನ್ನೊಂದು ಬೇಕೇ ಎಂದು ಕೇಳುತ್ತಿದ್ದಳು. ನಾನು ಮತ್ತೆ ಕೇಳಲಿಲ್ಲ. ಅವಳೂ ಆ ಮಾತಿಗೆ ಮರಳಲಿಲ್ಲ.

ಅವಳ ಮಾತು ಗಿಡ್ಡ ಸ್ವರದಲ್ಲಿ ಮುಗಿಯಿತೋ ಉದ್ದ ಸ್ವರದಲ್ಲೋ ನನಗೆ ಗೊತ್ತಿಲ್ಲ. ಆ ಸಂಜೆ ಅವಳ ಎದುರು ಯಾರು ಬಂದು ನಿಂತರು ಎಂಬುದೂ ಗೊತ್ತಿಲ್ಲ. ಯಾರೂ ಬರದೇ ಇದ್ದಿದ್ದರೆ, ಮನೆಗೆ ಬಾರದೆ ಅವಳು ಎಲ್ಲಿಗೆ ಹೋಗುವವಳಿದ್ದಳು ಎಂಬುದನ್ನು ನಾನು ಯಾವತ್ತೂ ಕೇಳಿಲ್ಲ. ಅದು ನನಗೆ ಗೊತ್ತಿಲ್ಲ.