ನಾಗಮಂಗಲದ ಮೇಲೆ ಬರಬೇಕಾಗಿದ್ದ ವ್ಯಾನು

ಮೈಕು ಕೈಗೆ ಸಿಕ್ಕರೆ ಆಗ ನನಗೆ ಊಟವೂ ಬೇಕಿರಲಿಲ್ಲ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಎಲ್ಲೇ ನಮ್ಮ ಪಕ್ಷದ ಸಭೆ ನಡೆದರೂ, ದೊಡ್ಡವರು ಬರುವ ತನಕ ಜನ ಎದ್ದು ಹೋಗದಂತೆ ಹಿಡಿದಿಡುವುದು ನನ್ನ ಕೆಲಸ. ಗಂಜಾಂನಲ್ಲಿ ಮನೆ, ಒಂದು ಖಾಸಗಿ ಹೈಸ್ಕೂಲಿನಲ್ಲಿ ಮೇಷ್ಟ್ರ ಉದ್ಯೋಗ, ಸಂಜೆಯಾದರೆ ಭಾಷಣ. ದೆಹಲಿಯಲ್ಲಿ ನಮ್ಮ ಪಕ್ಷದ ಸರ್ಕಾರ ಇರಲಿಲ್ಲ. ಹಾಗಾಗಿ ಬೈಯುವುದಕ್ಕೆ ವಿಷಯದ ಬರವೂ ಇರಲಿಲ್ಲ.

ನನಗೆ ಒಬ್ಬಳೇ ಅಕ್ಕ. ಅವಳನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಿತ್ತು. ಭಾವ ಮೊದಲು ಬೆಲ್ಲದ ಲಾರಿ ಓಡಿಸುತ್ತಿದ್ದವರು. ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಬೇಕೆಂಬ ಆಸೆಗೆ ಬಿದ್ದು ಕೊಲ್ಲಿ ದೇಶಕ್ಕೆ ಹೋದರು. ಅಲ್ಲೊಂದು ಕಂಪನಿಯ ಬಸ್ಸಿಗೆ ಡ್ರೈವರ್ ಆದರು. ಒಮ್ಮೆ ರಜೆಗೆ ಬಂದಾಗ ನನಗೊಂದು ಟೇಪ್ ರೆಕಾರ್ಡರ್ ತಂದುಕೊಟ್ಟರು. ಭಾವ ಪ್ರೀತಿಯಿಂದ ಕೊಟ್ಟದ್ದರಲ್ಲಿ ನಾನು ಕೇಳುತ್ತಿದ್ದದ್ದು ನನ್ನ ಭಾಷಣಗಳನ್ನೇ. ಅಂಥ ಆಸಾಮಿ ನಾನು.

ಒಂದು ಬೇಸಿಗೆಯಲ್ಲಿ ಆ ದೇಶದ ಒಂದು ದೊಡ್ಡ ಕಟ್ಟಡದ ಮುಂದೆ ಉಗ್ರರು ಬಾಂಬು ತುಂಬಿದ ಕಾರನ್ನು ಸಿಡಿಸಿದರು. ಕಂಪನಿಯ ಜನರನ್ನು ಇಳಿಸಿ ಭಾವ ಬಸ್ಸಿನಲ್ಲೇ ಕೂತಿದ್ದರಂತೆ. ಸುದ್ದಿ ಅಕ್ಕಿಹೆಬ್ಬಾಳಿಗೆ ಫೋನಿನಲ್ಲಿ ಬಂತು. ರೇಡಿಯೋದಲ್ಲಿ ದೆಹಲಿ ಸರ್ಕಾರದ ಪ್ರತಿಕ್ರಿಯೆಯೂ ಬಂತು: ದಾಳಿಯನ್ನು ಬಲವಾಗಿ ಖಂಡಿಸುತ್ತೇವೆ, ಮೃತರ ಕುಟುಂಬಗಳಿಗೆ ಸಂತಾಪ, ಅಲ್ಲಿನ ಸರ್ಕಾರದ ಜೊತೆ ಸಂಪರ್ಕದಲ್ಲಿದ್ದೇವೆ. ಅಷ್ಟೇ. ಅಕ್ಕನ ಮನೆಯಿಂದ ಅತ್ತು ಹಿಂತಿರುಗಿದ ನನ್ನನ್ನು ನಮ್ಮ ಪಕ್ಷದ ಅಧ್ಯಕ್ಷರು ಬಸ್ ಸ್ಟ್ಯಾಂಡಿನಲ್ಲೇ ಹಿಡಿದರು. ಅವರು ಅಕ್ಕಿ ಗಿರಣಿಯ ಯಜಮಾನರು, ನನ್ನನ್ನು ವೇದಿಕೆ ಹತ್ತಿಸಿದವರು.

"ಮೇಷ್ಟ್ರೇ, ಇದುನ್ನ ಸುಮ್ನೆ ಬುಡಂಗಿಲ್ಲ ಕಣ್ರೀ. ನಿಮ್ ಮನೇಲೇ ಆಗಿರೋದು. ನೀವ್ ಮಾತಾಡಿದ್ರೆ ತೂಕ ಇರ್ತದೆ."

ನನ್ನ ದುಃಖ ಸುಳ್ಳಾಗಿರಲಿಲ್ಲ. ಆದರೆ ಆ ಮಾತು ಕೇಳಿದಾಗ ದುಃಖದ ಪಕ್ಕದಲ್ಲೇ ಸಣ್ಣದೊಂದು ಹಿಗ್ಗು ತಲೆ ಎತ್ತಿತು. ಒಳ್ಳೆಯ ವಿಷಯ ಸಿಕ್ಕಿತು ಎಂಬ ಹಿಗ್ಗು. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮರುದಿನ ಸಂಜೆಯೇ ಶ್ರೀರಂಗಪಟ್ಟಣದಲ್ಲಿ ಮಾತಾಡಿದೆ. "ಖಂಡಿಸಿದ್ದಾರಂತೆ! ಇವರು ಖಂಡಿಸಿದ್ದನ್ನು ಕೇಳಿ ಬಾಂಬು ಹಾಕಿದವನು ಗಡಗಡ ನಡುಗಿ ಮೂಲೆಯಲ್ಲಿ ಕೂತಿದ್ದಾನಂತೆ!" ಎಂದೆ. ಜನ ನಕ್ಕರು. "ನಮ್ಮ ಹೆಣ್ಣುಮಗಳ ತಾಳಿ ಹೋಗಿದೆ, ನಮ್ಮ ರಾಯಭಾರಿಗೆ ಇನ್ನೂ ಟೀ ಪಾರ್ಟಿ ಮುಗಿದಿಲ್ಲ. ಹೋದ ಜೀವ ತರುವುದು ಹಾಗಿರಲಿ, ಹೆಣ ತರಿಸುವ ಯೋಗ್ಯತೆಯಾದರೂ ಇದೆಯಾ ಇವರಿಗೆ?" ಎಂದೆ. ಚಪ್ಪಾಳೆ ಬಿತ್ತು. ಪತ್ರಿಕೆಯ ಜಿಲ್ಲಾ ಪುಟದಲ್ಲೂ ಬಂತು.

ಅದಾದ ಮರುದಿನವೇ ಬೆಂಗಳೂರಿನಿಂದ ಫೋನು: ಭಾವನ ದೇಹ ನಾಳೆ ಬೆಳಗಿನ ವಿಮಾನದಲ್ಲಿ ಬರುತ್ತದೆ, ಮನೆಯವರು ಯಾರಾದರೂ ಬಂದು ಗುರುತಿಸಿ ತೆಗೆದುಕೊಂಡು ಹೋಗಬೇಕು. ಅಧ್ಯಕ್ಷರಿಗೆ ಹೇಳಿದೆ. "ಇಷ್ಟ್ ಬಿರ್ನೆ ತರುಸ್ಬುಟ್ರಾ?" ಎಂದರು. ಅವರ ದನಿಯಲ್ಲಿದ್ದದ್ದು ನಿರಾಸೆ. ಕೊಂಚ ಯೋಚಿಸಿ, "ಓಗ್ಲಿ ಬುಡಿ. ವ್ಯಾನು ನಾನ್ ಕೊಡ್ತೀನಿ. ಪಟ್ಟಣದಲ್ಲಿ ಒಂದ್ಗಳಿಗೆ ನಿಲ್ಸಿ. ಜನ ಕಣ್ಣಾರೆ ನೋಡ್ಲಿ," ಎಂದರು.

ಭಾವನ ತಂದೆಯನ್ನು ನಾನು ಮಾವ ಎನ್ನುತ್ತಿದ್ದೆ. ಅವರು ಹೇಳಿದ್ದು ಬೇರೆ. "ನಾಗಮಂಗ್ಲದ್ ಮೇಲೆ ಬಂದ್ಬುಡಪ್ಪ, ಅದೇ ಹತ್ರ. ಎಲ್ಲೂ ನಿಲ್ಬ್ಯಾಡ. ನಿಮ್ಮಕ್ಕ ಒಂದ್ ತೊಟ್ಟು ನೀರೂ ಮುಟ್ಟಿಲ್ಲ. ಮಕ ನೋಡ್ಬೇಕು, ಬಾಯ್ಗೆ ಅಕ್ಕಿ ಹಾಕ್ಬೇಕು ಅಂತ ಒಂದೇ ಸಮ ಅಂತಾವ್ಳೆ."

ನಮ್ಮ ಕಡೆ ಸತ್ತವರ ಬಾಯಿಗೆ ಹತ್ತಿರದವರು ನಾಲ್ಕು ಕಾಳು ಅಕ್ಕಿ ಹಾಕಿದ ಮೇಲೆಯೇ ಮಣ್ಣಿಗೆ ಒಯ್ಯುವುದು. ಜಗಳವಾಡಿ ಮಾತು ಬಿಟ್ಟ ದಾಯಾದಿಗಳೂ ಅಕ್ಕಿ ಹಾಕುವುದಕ್ಕೆ ಬರುತ್ತಾರೆ. ಅದನ್ನು ತಪ್ಪಿಸಿಕೊಂಡವರು ಜೀವನಪೂರ್ತಿ ಕೊರಗುವುದನ್ನು ನಾನೇ ಕಂಡಿದ್ದೆ. ಆಗಲಿ ಮಾವ, ನಾಗಮಂಗಲದ ಮೇಲೆಯೇ ಬರುತ್ತೇನೆ ಎಂದೆ.

ವಿಮಾನ ನಿಲ್ದಾಣದಲ್ಲಿ ರಾಯಭಾರ ಕಚೇರಿಯ ಒಬ್ಬ ಅಧಿಕಾರಿ ನಿಂತಿದ್ದರು. ಪೆಟ್ಟಿಗೆಯ ಜೊತೆ ಅದೇ ವಿಮಾನದಲ್ಲಿ ಬಂದಿದ್ದವರು. ನನ್ನ ವಯಸ್ಸೇ ಇರಬೇಕು. ಕಣ್ಣು ಕೆಂಪಾಗಿತ್ತು, ಅಂಗಿ ಮುದುಡಿತ್ತು. ನಮ್ಮವರು ಯಾರು ಯಾರು ಎಲ್ಲಿದ್ದಾರೆಂದು ತಿಳಿಯದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದದ್ದು, ಭಾವನನ್ನು ಹುಡುಕಿದ್ದು, ಅಲ್ಲಿನ ಪೊಲೀಸರ ಕಚೇರಿಯ ಬಾಗಿಲಲ್ಲೇ ಕೂತು ಅನುಮತಿ ಪಡೆದದ್ದು, ಇದನ್ನೆಲ್ಲ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಹೊಗಳಿಕೆಗೆ ಹೇಳಿದ್ದಲ್ಲ. ತಡವಾಯಿತು, ಕ್ಷಮಿಸಿ ಎನ್ನುವುದಕ್ಕೆ ಹೇಳಿದ್ದು. ಆಮೇಲೆ ಪೆಟ್ಟಿಗೆಯ ತಲೆಭಾಗದ ಸಣ್ಣ ಮುಚ್ಚಳ ತೆಗೆಸಿದರು. ನೋಡಿದೆ. ಹೌದು, ಇವರೇ ಎಂದೆ. ಸಹಿ ಹಾಕಿದೆ.

"ಮುಖಕ್ಕೆ ಏನೂ ಆಗಿಲ್ಲ. ಮನೆಯವರಿಗೆ ಸಂಜೆಯೊಳಗೆ ತೋರಿಸಿಬಿಡಿ. ಈ ಬಿಸಿಲಿನಲ್ಲಿ ತಡವಾದರೆ ತೆರೆಯಬೇಡಿ," ಎಂದರು. ನಾನು ಅವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಮೊನ್ನೆ ನಾನು ಟೀ ಪಾರ್ಟಿಗೆ ಕಳಿಸಿದ್ದ ಮನುಷ್ಯ ಇವರೇ ಎಂಬುದು ಹೊಳೆಯಿತು. ಹೊಳೆದದ್ದನ್ನು ಅಲ್ಲೇ ಅದುಮಿದೆ.

ಅಧ್ಯಕ್ಷರ ವ್ಯಾನಿನ ಡ್ರೈವರು ಕೇಳಿದ: "ಸಾ, ನೆಲಮಂಗ್ಲದ್ ಕಡೇಗಾ, ಮೈಸೂರ್ ರೋಡ್ಗಾ?" ನೆಲಮಂಗಲ, ಕುಣಿಗಲ್, ನಾಗಮಂಗಲದ ಮೇಲೆ ಹೋಗಿದ್ದರೆ ಹೊತ್ತು ಇಳಿಯುವುದರೊಳಗೆ ಅಕ್ಕನ ಮನೆ ಮುಂದಿರುತ್ತಿದ್ದೆವು. ಮೈಸೂರು ರೋಡು ಎಂದೆ. ಅಧ್ಯಕ್ಷರು ನನಗೆ ಚಾಕು ತೋರಿಸಿರಲಿಲ್ಲ. ನಾಗಮಂಗಲ ಎಂದಿದ್ದರೆ ಡ್ರೈವರೂ ಸುಮ್ಮನೆ ತಿರುಗಿಸುತ್ತಿದ್ದ. ಪಟ್ಟಣದಲ್ಲಿ ಜನ ಸೇರಿದ್ದಾರೆ, ಒಂದು ಗಳಿಗೆ ತಾನೇ ಎಂದುಕೊಂಡೆ.

ಶ್ರೀರಂಗಪಟ್ಟಣದಲ್ಲಿ ಕಪ್ಪು ಬಾವುಟ, ಬಟ್ಟೆಯ ಬ್ಯಾನರು, ನಡುರಸ್ತೆಗೆ ಶಾಮಿಯಾನ. ಹೆದ್ದಾರಿಯ ಲಾರಿಗಳು ಹಾರ್ನ್ ಹೊಡೆಯುತ್ತಾ ನಿಂತಿದ್ದವು. ಮೈಸೂರಿನಿಂದ ದೊಡ್ಡ ನಾಯಕರು ಬರಬೇಕಿತ್ತು. ಈಗ ಬಂದರು, ಇನ್ನೇನು ಬಂದರು ಎಂದು ಹೊತ್ತು ಏರಿತು, ಇಳಿಯತೊಡಗಿತು. ಅವರು ಬರುವ ತನಕ ಜನರನ್ನು ಹಿಡಿದಿಡಬೇಕಲ್ಲ, ನಾನು ನಿಂತೆ. ವ್ಯಾನಿನ ಬಾಗಿಲು ತೆರೆದು ಪೆಟ್ಟಿಗೆಯ ಮೇಲೆ ಕೈಯಿಟ್ಟು ಮಾತಾಡಿದೆ. ಸರ್ಕಾರ ಕೈಬಿಟ್ಟಿತು, ನಾವು ಗಲಾಟೆ ಮಾಡಿದ್ದಕ್ಕೆ ಹೆದರಿ ದೇಹ ಕಳಿಸಿದರು, ಇಲ್ಲದಿದ್ದರೆ ನನ್ನ ಭಾವ ಯಾವುದೋ ಮರಳುಗಾಡಿನಲ್ಲಿ ಅನಾಥರಾಗಿ ಮಣ್ಣಾಗುತ್ತಿದ್ದರು ಎಂದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಎದುರಿದ್ದ ಹೆಂಗಸರೂ ಅತ್ತರು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮತ್ತೆಂದೂ ಮಾತಾಡಲಿಲ್ಲ.

ನಾಯಕರು ಬಂದು ಹಾರ ಹಾಕಿ ಹೋದರು. ಪಾಂಡವಪುರದವರು ಬಿಡಬೇಕಲ್ಲ. ಪಟ್ಟಣದಲ್ಲಿ ನಿಲ್ಲಿಸಿ ನಮ್ಮಲ್ಲಿ ನಿಲ್ಲಿಸದಿದ್ದರೆ ಏನು ಮರ್ಯಾದೆ ಎಂದು ವ್ಯಾನಿಗೆ ಅಡ್ಡ ನಿಂತರು. ಅಲ್ಲೂ ಹಾರ, ಅಲ್ಲೂ ಘೋಷಣೆ, ಅಲ್ಲೂ ನನ್ನ ಎರಡು ಮಾತು. ವ್ಯಾನಿನೊಳಗೆ ಮುಂದಿನ ಸೀಟಿನಲ್ಲಿ ಕೂತಿದ್ದ ಡ್ರೈವರು ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡಿದ್ದನ್ನು ಅಲ್ಲಿಂದ ಹೊರಡುವಾಗ ನೋಡಿದೆ. "ಬೇಗ ಹೊಡಿಯಪ್ಪ," ಎಂದೆ. ಅವನು ನನ್ನ ಮುಖವನ್ನೇ ನೋಡಲಿಲ್ಲ.

ಅಕ್ಕಿಹೆಬ್ಬಾಳು ತಲುಪಿದಾಗ ಮನೆಮನೆಯಲ್ಲಿ ದೀಪ ಹಚ್ಚಿದ್ದರು. ಹೊಲದಲ್ಲಿ ಗುಂಡಿ ತೋಡಿಸಿ ಮಧ್ಯಾಹ್ನದಿಂದ ಕಾದಿದ್ದರು. ಪೆಟ್ಟಿಗೆ ಇಳಿಸುತ್ತಿದ್ದಂತೆ ಊರಿನ ಹಿರಿಯರೊಬ್ಬರು ಒಂದು ಹೆಜ್ಜೆ ಹಿಂದೆ ಸರಿದು, "ಮುಚ್ಚಳ ತೆಗೀಬ್ಯಾಡ್ರಪ್ಪಾ, ಹೊತ್ತು ಮೀರ್ಬುಟ್ಟದೆ," ಎಂದರು.

ಅಕ್ಕ ಸೆರಗಿನ ತುದಿಯಲ್ಲಿ ಅಕ್ಕಿ ಗಂಟು ಹಾಕಿಕೊಂಡು ನಿಂತಿದ್ದಳು. "ಒಂದ್ಗಳಿಗೆ ತಗೀರಪ್ಪಾ. ಮಕ ನೋಡ್ಬುಡ್ತೀನಿ, ಅಷ್ಟೇ. ನಾನೇನ್ ಎದ್ರಾಕಿಲ್ಲ," ಎಂದಳು. ಯಾರೂ ಕೈ ಹಾಕಲಿಲ್ಲ. ಆಗ ನನ್ನ ಕಡೆ ತಿರುಗಿದಳು. "ನೀನ್ ಯೋಳ್ಲಾ. ನಿನ್ ಮಾತು ಎಲ್ರೂ ಕೇಳ್ತಾರೆ."

ಎರಡು ಊರಿನಲ್ಲಿ ಗಂಟಲು ಹರಿಯುವಂತೆ ಮಾತಾಡಿ ಬಂದವನಿಗೆ ಅಲ್ಲಿ ಒಂದು ಮಾತೂ ಹೊರಡಲಿಲ್ಲ. ತಲೆ ತಗ್ಗಿಸಿದೆ. ಅಕ್ಕ ಗಂಟು ಬಿಚ್ಚಿ ಅಕ್ಕಿಯನ್ನು ಮುಚ್ಚಳದ ಮೇಲೆಯೇ ಹಾಕಿದಳು. ನುಣ್ಣನೆಯ ಹಲಗೆ, ಕಾಳು ನಿಲ್ಲದೆ ಜಾರಿ ಮಣ್ಣಿಗೆ ಬಿದ್ದವು. ಅವಳು ಬಗ್ಗಿ ಅವನ್ನು ಆಯತೊಡಗಿದಾಗ ಹೆಂಗಸರು ಎಬ್ಬಿಸಿ ಕರೆದುಕೊಂಡು ಹೋದರು.

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬದಲಿಗೆ ತಿಥಿಗೆ ಬಂದವರ ಎದುರು ಮಾವ, "ನಮ್ಮುಡ್ಗ ಅಷ್ಟ್ ಓಡಾಡ್ದೆ ಇದ್ದಿದ್ರೆ ಹೆಣ ಬತ್ತಿತ್ತಾ ಸ್ವಾಮಿ? ಸರ್ಕಾರ್ದೋರ್ನ ನಂಬ್ಕಂಡಿದ್ರೆ ಆಗೋಗ್ತಿತ್ತು," ಎಂದು ಹೆಮ್ಮೆಯಿಂದ ಹೇಳಿದರು. ನನ್ನ ಭಾಷಣವನ್ನು ನನ್ನ ಮನೆಯವರೇ ನಂಬಿಬಿಟ್ಟಿದ್ದರು. ಆ ಕೆಂಪು ಕಣ್ಣಿನ ಅಧಿಕಾರಿಯ ವಿಷಯ ಬಾಯಿಬಿಟ್ಟು ಹೇಳೋಣ ಎಂದು ಎದ್ದೆ. ಪಕ್ಕದಲ್ಲಿ ಅಧ್ಯಕ್ಷರು ಕೂತು ಊಟ ಮಾಡುತ್ತಿದ್ದರು. ಮತ್ತೆ ಕೂತೆ. ಮುಂದಿನ ತಾಲ್ಲೂಕು ಪಂಚಾಯ್ತಿ ಚುನಾವಣೆಯಲ್ಲಿ ನನಗೆ ಟಿಕೆಟ್ಟು ಸಿಕ್ಕಿತು, ಗೆದ್ದೆ.

ಭಾವ ತೀರಿಕೊಂಡ ವರ್ಷವೇ ಪಿತೃಪಕ್ಷದಲ್ಲಿ ಅವರಿಗೆ ಎಡೆ ಇಡುವ ದಿನ ಅಕ್ಕನ ಮನೆಗೆ ಹೋಗಿದ್ದೆ. ಎಲೆಯ ಮೇಲೆ ಭಾವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಪಂಚೆ ಮಡಿಸಿಟ್ಟು, ಅಕ್ಕ ನನ್ನನ್ನು ಹತ್ತಿರ ಕರೆದಳು. ಬೇರೆ ಯಾರೂ ಇರಲಿಲ್ಲ.

"ಅವ್ರ್ ಮಕ ಕಡೇಲಿ ನೋಡಿರೋನು ನೀನೊಬ್ನೇ ಕಣ್ಲಾ. ಎಂಗಿದ್ರು ಯೋಳು."

"ಮಲಗ್ದಂಗಿದ್ರು ಕಣಕ್ಕ."

"ಅಂಗೇ ಎಲ್ರೂ ಅಂತಾರೆ. ಮೀಸೆ ಇತ್ತಾ? ಕಡೇ ಸಾರಿ ಫೋನ್ ಮಾಡ್ದಾಗ, ಸೆಕೆ ಕಣೆ, ಮೀಸೆ ತೆಗುಸ್ಬುಡ್ತೀನಿ ಅಂತಿದ್ರು. ಬ್ಯಾಡ, ನಂಗೆ ಇಷ್ಟಾಗಾಕಿಲ್ಲ ಅಂದಿದ್ದೆ."

ನೆನಪು ಮಾಡಿಕೊಳ್ಳಲು ಹೊರಟೆ. ಆ ಅಧಿಕಾರಿಯ ಮುದುಡಿದ ಅಂಗಿ ನೆನಪಾಯಿತು. ಮುಚ್ಚಳ ತೆಗೆದವನ ಕೈಯ ಗ್ಲೌಸು ನೆನಪಾಯಿತು. ಪಟ್ಟಣದಲ್ಲಿ ಮಾತು ಹೇಗೆ ಶುರು ಮಾಡಬೇಕೆಂದು ಆ ಗಳಿಗೆಯಲ್ಲಿ ಮನಸ್ಸಿನಲ್ಲೇ ಜೋಡಿಸುತ್ತಿದ್ದ ವಾಕ್ಯ ಒಂದಕ್ಷರ ಬಿಡದೆ ನೆನಪಾಯಿತು. ಭಾವನ ಮುಖ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಕ್ಕ ನೋಡಬೇಕಾದದ್ದನ್ನು ಅವಳ ಪರವಾಗಿ ನೋಡಲು ಹೋದ ನಾನು ನೋಡಿಯೇ ಇರಲಿಲ್ಲ.

"ಇತ್ತು ಕಣಕ್ಕ," ಎಂದೆ.

ಅಕ್ಕನ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು. "ನನ್ ಮಾತು ಕೇಳವ್ರೆ ಬುಡು ಅಂಗಾರೆ," ಎಂದಳು. ಎಡೆಯ ಮುಂದೆ ಹೋಗಿ ಕೂತು, ಕಣ್ಣೊರೆಸಿಕೊಳ್ಳುತ್ತಾ, ಅದನ್ನೇ ಮತ್ತೆ ಮತ್ತೆ ಭಾವನಿಗೆ ಹೇಳುತ್ತಿದ್ದಳು.