ಬಸಣ್ಣನ ಬಣ್ಣಗಳು ಮತ್ತು ಹೊಸ ಮದರ್‌ಬೋರ್ಡ್

1997ರಲ್ಲಿ ನಾನು ಮುಂಬೈ ಬಳಿಯ ಕಲ್ಯಾಣದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಹೆಗಲಲ್ಲಿ ಟೂಲ್ ಬ್ಯಾಗು, ಜೇಬಿನಲ್ಲಿ ಲೋಕಲ್ ರೈಲಿನ ಪಾಸು, ತಲೆಯಲ್ಲಿ ಒಂದಿಷ್ಟು ಜಂಬ. ಆ ಜಂಬ ಇಳಿದದ್ದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ.

ಅಲ್ಲಿನ ಕಲರ್ ಮಾಸ್ಟರ್ ಕಲಬುರಗಿ ಕಡೆಯ ಬಸಣ್ಣ. ಕಣ್ಣಂದಾಜಿನಲ್ಲೇ ಬಣ್ಣ ಬೆರೆಸುವವರು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂಜಾಗತೊಡಗಿದಾಗ, ಎರಡು ವರ್ಷ ಕೂತು ಒಂದೊಂದೇ ಶೇಡ್ ಮತ್ತೆ ಬೆರೆಸಿ, ತೂಗಿಸಿ, ಅಳತೆಗಳನ್ನು ಲ್ಯಾಬಿನ ಡಾಸ್ ಕಂಪ್ಯೂಟರಿಗೆ ಹಾಕಿಸಿದ್ದರು. ಆ ಪಟ್ಟಿ ಹಿಡಿದು ಕೆಲಸ ಮಾಡಿಸುವುದಾದರೆ ನೌಕರಿ ಉಳಿಯುತ್ತದೆ ಎಂದು ಕಾರ್ಖಾನೆಯ ಮಾಲೀಕ ಸೇಠ್ ಮಾತು ಕೊಟ್ಟಿದ್ದರು.

ದಸರೆಯ ಪೂಜೆಗೆ ಹೊಸ ಯಂತ್ರವೇ ಇರಬೇಕೆಂಬುದು ಸೇಠರ ಹಟ. ಹಾರ್ಡ್ ಡಿಸ್ಕೊಂದನ್ನು ಬಿಚ್ಚಿಟ್ಟುಕೊಂಡು ಹಳೆಯದನ್ನು ಆಗಲೇ ಉಲ್ಹಾಸನಗರದ ಗುಜರಿಗೆ ಹಾಕಿದ್ದರು. ನಾನು ಹೋದಾಗ ಹೊಸ ಮಾನಿಟರಿಗೆ ಚೆಂಡುಹೂವಿನ ಮಾಲೆ, ಪಕ್ಕದಲ್ಲಿ ಒಡೆಯಲು ಸಿದ್ಧವಾದ ತೆಂಗಿನಕಾಯಿ. ನಕಲು ಮಾಡಿಕೊಳ್ಳುವ ವ್ಯವಧಾನ ಯಾರಿಗಿತ್ತು? ಹಳೆಯ ಹಾರ್ಡ್ ಡಿಸ್ಕನ್ನು ನೇರವಾಗಿ ಹೊಸ ಮದರ್‌ಬೋರ್ಡಿಗೆ ಜೋಡಿಸಿದೆ.

ಡಿಸ್ಕಿನ ಯಾವ ಭಾಗ ಎಲ್ಲಿದೆ ಎಂದು ಎಣಿಸುವ ಕ್ರಮ ಹೊಸ ಬೋರ್ಡಿನಲ್ಲಿ ಬೇರೆಯೇ ಇತ್ತು. ವಠಾರದಂಥ ಚಾಳಿನ ಖೋಲಿಗಳಿಗೆಲ್ಲ ರಾತ್ರೋರಾತ್ರಿ ಹೊಸ ನಂಬರು ಬಿದ್ದ ಹಾಗೆ. ಡಾಸ್‌ಗೆ ಎಲ್ಲವೂ ತಪ್ಪಾಗಿ ಕಂಡಿತು. ಸರಿಪಡಿಸಲೇ ಎಂದು ಕೇಳಿತು. ‘ಹೌದು’ ಎನ್ನಲು ‘ವೈ’ ಒತ್ತುವುದು ನಮ್ಮ ಕೈಗೆ ಅಂಟಿದ ಚಾಳಿ. ಒತ್ತಿದೆ. ಸರಿಯಿದ್ದ ಡಿಸ್ಕನ್ನು ಅದು ನನ್ನ ಕಣ್ಣೆದುರೇ ‘ಸರಿಪಡಿಸಿ’ ಕಲಸಿಹಾಕಿತು; ಬಣ್ಣದ ಪಟ್ಟಿಯೂ ಹೋಯಿತು.

ಬ್ಯಾಕಪ್ ಫ್ಲಾಪಿಗಳಿಗೆ ಆ ಮಳೆಗಾಲದ ಬೂಷ್ಟು ಹಿಡಿದಿತ್ತು. ಪಟ್ಟಿಯನ್ನು ಹೊರತೆಗೆದುಕೊಡುವವರನ್ನು ಹುಡುಕಿ, ಡಿಸ್ಕ್ ಹೊತ್ತು ಥಾಣೆ ಊರಿಗೆ ಹೋದೆ, ವಾಶಿಗೆ ಹೋದೆ. ಎಲ್ಲರೂ ಆಗದೆಂದು ತಲೆಯಾಡಿಸಿದರು.

ಬಸಣ್ಣ ಬೈಯಲಿಲ್ಲ. "ಮತ್ತ ಬೆರಸೂಣಂದ್ರ ಈಗ ಕೆಂಪ್ಯಾವ್ದು, ಕೇಸರಿ ಯಾವ್ದು ತಿಳೀವಲ್ದು ನೋಡ್ರಿ ಸಾಹೇಬ್ರ," ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದೀಪಾವಳಿಗೆ ಮುಂಚೆ ಸೇಠ್ ಬಸಣ್ಣನವರ ಲೆಕ್ಕ ಚುಕ್ತಾ ಮಾಡಿ ಕೆಲಸದಿಂದ ಬಿಡಿಸಿದರು.

ಹಳೆಯ ಯಂತ್ರದಲ್ಲಿರುವುದರ ಇನ್ನೊಂದು ಪ್ರತಿ ಕೈಯಲ್ಲಿಲ್ಲದೆ ಹೊಸದರ ಸ್ವಿಚ್ ಒತ್ತಬಾರದು. ಈ ಪಾಠವನ್ನು ಆಮೇಲೆ ನನ್ನ ಕೈಕೆಳಗೆ ಬಂದವರಿಗೆಲ್ಲ ಹೇಳಿದ್ದೇನೆ. ಅದನ್ನು ಕಲಿತದ್ದು ಹೇಗೆಂದು ಮಾತ್ರ ಹೇಳಿರಲಿಲ್ಲ.

ಆ ದೀಪಾವಳಿ ಕಳೆದ ಕೆಲವು ದಿನಗಳ ನಂತರ ಕಲ್ಯಾಣ ಸ್ಟೇಷನ್ನಿನಲ್ಲಿ, ಗಂಟು ಹಿಡಿದಿದ್ದ ಒಬ್ಬರು ನನ್ನ ತೋಳು ಮುಟ್ಟಿ, "ಸೋಲಾಪುರ್ ಗಾಡಿ ಕೌನ್ಸೇ ಪ್ಲಾಟ್‌ಫಾರ್ಮ್ ಪೇ?" ಎಂದು ಹಿಂದಿಯಲ್ಲಿ ಕೇಳಿದರು. ಬಸಣ್ಣ. ಒಂದು ಮೊಳ ದೂರದಲ್ಲಿದ್ದರೂ ಅವರಿಗೆ ನನ್ನ ಗುರುತು ಹತ್ತಲಿಲ್ಲ. ಕನ್ನಡ ಬಾಯಿಯವರೆಗೆ ಬಂದಿತ್ತು; ದನಿ ಗುರುತಿಸಿಯಾರೆಂದು ಹೆದರಿದೆ.

"ಚಾರ್ ನಂಬರ್," ಎಂದೆ, ಮರಾಠಿಯವನಂತೆ ದನಿ ಬದಲಿಸಿ.