ಅತ್ತೆ ಇಟ್ಟ ಫೋನ್ ಪರೀಕ್ಷೆ

ಏಯ್, ಎಲ್ರೂ ಈ ಕಡೆ ಬನ್ರೋ, ನಮ್ಮ ಬ್ರೆಡ್ ವ್ಯಾನ್ ಮಾವನ ಕಥೆ ಕೇಳಿ.

ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡಿ ಮಾವ ಆಗಲೇ ಒಂದ್ಸಲ ದಂಡ ಕಟ್ಟಿದ್ದ. ಇನ್ನೊಂದ್ಸಲ ಸಿಕ್ಕಿಬಿದ್ರೆ ಮೂರು ತಿಂಗಳು ಲೈಸೆನ್ಸ್ ರದ್ದು, ಅದರ ಜೊತೆ ಕೆಲಸಾನೂ ಹೋದ ಹಾಗೇ. ಅವನ ಹೆಂಡ್ತಿ, ಅಂದ್ರೆ ನಮ್ಮತ್ತೆಗೆ, ಇವನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. "ನಾನೇ ಫೋನ್ ಮಾಡಿ ಪರೀಕ್ಷೆ ಮಾಡ್ತೀನಿ, ಎತ್ತಿದ್ರೆ ಗ್ರಹಚಾರ ಬಿಡಿಸ್ತೀನಿ" ಅಂದಿದ್ಲು.

ಇವತ್ತು ಬೆಳಿಗ್ಗೆ ಸಿಗ್ನಲ್ ಹತ್ರ ಫೋನ್ ಬಡ್ಕೊಳ್ತು. ಮಾವ ತುಟಿ ಕಚ್ಚಿ ಸುಮ್ಮನಿದ್ದ. ಮತ್ತೆ ಬಡ್ಕೊಳ್ತು, ಮತ್ತೆ ಸುಮ್ಮನಿದ್ದ. ಮೂರನೇ ಸಲ, ಪಾಸಾದ ಖುಷಿ ತಡೀಲಾರದೆ ಎತ್ತೇಬಿಟ್ಟ.

"ನೋಡಿದ್ಯೇನೇ, ನಾನು ಎತ್ತಲೇ ಇಲ್ಲ."

"ಹಾಗಾದ್ರೆ ಈಗ ಮಾತಾಡ್ತಿರೋದು ನಿಮ್ಮ ತಾತನೇನ್ರೀ?"

ಅಷ್ಟರಲ್ಲಿ ಪೊಲೀಸಪ್ಪ ಕಿಟಕಿ ತಟ್ಟಿದ.

"ಸಾರ್, ಹೆಂಡ್ತಿ ಪರೀಕ್ಷೆ ಇಟ್ಟಿದ್ಲು."

"ರಿಸಲ್ಟ್ ನಾನು ಕೊಡ್ತೀನಿ, ಲೈಸೆನ್ಸ್ ತೆಗಿ."

ಸುದ್ದಿ ಕೇಳಿ ಅತ್ತೆ ಸೀದಾ ಮಾವ ಕೆಲಸ ಮಾಡೋ ಬೇಕರಿಗೇ ಹೋದ್ಲು. ಅವಳ ಹತ್ರಾನೂ ಲೈಸೆನ್ಸ್ ಇದೆ. "ಮೂರು ತಿಂಗಳು ವ್ಯಾನ್ ನಾನು ಓಡಿಸ್ತೀನಿ, ಇವರು ಬ್ರೆಡ್ ಇಳಿಸ್ಲಿ" ಅಂತ ಬೇಕರಿ ಯಜಮಾನರನ್ನ ಒಪ್ಪಿಸಿ ಕೀ ಇಸ್ಕೊಂಡ್ಲು.

ಸಂಜೆ ಕೊನೇ ಅಂಗಡಿಗೆ ಬ್ರೆಡ್ ಇಳಿಸಿ ಬಂದ ಮಾವ, ಪಕ್ಕದ ಸೀಟಲ್ಲಿ ಕೂತು, ಅತ್ತೆ ಬಾಯಿ ತೆಗೆಯೋ ಮೊದಲೇ ಬೆಲ್ಟ್ ಹಾಕ್ಕೊಂಡ.